ಪೂಜೆಗಿಟ್ಟ ಲ್ಯಾಪ್‌ಟಾಪ್

ಕಾದಂಬರಿಯ ಕೊನೆಯ ಅಧ್ಯಾಯ ಸಂಜೆಯೊಳಗೆ ಪ್ರಕಾಶಕರ ಕೈಸೇರಬೇಕಿತ್ತು. ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅವಳ ಲ್ಯಾಪ್‌ಟಾಪನ್ನು ಮಕ್ಕಳ ಪುಸ್ತಕಗಳ ಜೊತೆ ಸರಸ್ವತಿಯ ಮುಂದಿಟ್ಟು, ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿಬಿಟ್ಟಿದ್ದರು.

“ವಿಜಯದಶಮಿಗೆ ಪೂಜೆ ಕದಲಿಸೋವರೆಗೂ ಓದೋ ಹಾಗಿಲ್ಲ, ಬರೆಯೋ ಹಾಗಿಲ್ಲ. ನಮ್ಮನೆ ಪದ್ಧತಿ ನಿನಗೇನು ಹೊಸದಾ?”

“ಹೊಸದಲ್ಲ ಅತ್ತೆ, ವರ್ಷಾ ವರ್ಷಾ ಇದೇ ಗೋಳು. ಗೌರಿ ಹಬ್ಬಕ್ಕೆ ಬಾಗಿನ, ದೀಪಾವಳಿಗೆ ಮನೆ ತುಂಬಾ ನೆಂಟರು. ನಿಮ್ಮ ಹಬ್ಬಗಳ ಮಧ್ಯೆ ನಾನು ಬರೆಯೋದು ಯಾವಾಗ? ಇವಿಲ್ಲದಿದ್ದರೆ ಈ ಕಾದಂಬರಿ ಯಾವತ್ತೋ ಮುಗೀತಿತ್ತು!”

ಅವಳ ದನಿ ಒಡೆದಿತ್ತು. ಅತ್ತೆ ಹೂ ತೆಗೆದು, ಸೆರಗಿನಿಂದ ಕುಂಕುಮ ಒರೆಸಿ, ಲ್ಯಾಪ್‌ಟಾಪನ್ನು ಅವಳ ಕೈಗಿಟ್ಟರು.

“ತಗೋ. ಬರೆಯೋಳನ್ನ ತಡೆದರೆ ಸರಸ್ವತಿ ಮೆಚ್ತಾಳಾ? ಅಡುಗೆ ನಾನು ನೋಡ್ಕೋತೀನಿ. ಇವತ್ತು ನಿನ್ನನ್ನ ಯಾರೂ ಕರೆಯಲ್ಲ, ಹೋಗು.”

ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ನಿಜಕ್ಕೂ ಯಾರೂ ಕರೆಯಲಿಲ್ಲ. ಮಕ್ಕಳು ಕೂಡ ಪಿಸುಗುಡುತ್ತಲೇ ಓಡಾಡಿದರು. ನಾಯಕಿ ಮನೆ ಬಿಟ್ಟು ಹೊರಟಳೆಂದು ಬರೆದಳು, ಅಳಿಸಿದಳು. ಮನೆಯಲ್ಲೇ ಉಳಿದಳೆಂದು ಬರೆದಳು, ಅದನ್ನೂ ಅಳಿಸಿದಳು. ಅಡುಗೆಮನೆಯಿಂದ ಒಬ್ಬಟ್ಟಿನ ಘಮ ಬಂದಾಗಲೂ ಪರದೆ ಖಾಲಿಯೇ ಇತ್ತು.

ಸಂಜೆ ಪ್ರಕಾಶಕರ ಫೋನ್ ಬಂತು. “ಏನ್ ಮೇಡಂ, ಮುಗೀತಾ?”

ಅವಳು ಮುಚ್ಚಿದ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಎಲ್ಲಿ ಸರ್! ಇವತ್ತು ಸರಸ್ವತಿ ಪೂಜೆ ನೋಡಿ. ನಮ್ಮತ್ತೆ ಲ್ಯಾಪ್‌ಟಾಪ್ ಮುಟ್ಟೋಕೇ ಬಿಡ್ತಿಲ್ಲ.”