ಇನ್ನು ಮೂರಡಿ ಹಿಂದಕ್ಕೆ

"ಇನ್ನು ಮೂರಡಿ ಹಿಂದಕ್ಕೆ ಹೋಗಬೇಕು ಸಾರ್," ಎಂದ ಪ್ರೊಜೆಕ್ಟರ್ ಕೂರಿಸಲು ಬಂದವನು. ಅವನ ಬೆನ್ನು ಆಗಲೇ ಹಿಂದಿನ ಗೋಡೆಗೆ ತಾಗಿತ್ತು. ಎದುರಿಗೆ ಹೊಸ ಪರದೆ ಕೋಣೆಯ ಈ ತುದಿಯಿಂದ ಆ ತುದಿಯವರೆಗೆ ಬಿಗಿದುಕೊಂಡು ನಿಂತಿತ್ತು. ಚಿತ್ರ ಮಾತ್ರ ಅದರ ನಡುವೆ, ಅಣ್ಣನ ಅಂಗಿ ತೊಟ್ಟ ತಮ್ಮನಂತೆ, ಸುತ್ತಲೂ ಜಾಗ ಬಿಟ್ಟುಕೊಂಡು ಕೂತಿತ್ತು.

ತಪ್ಪು ಮನೆಯ ಯಜಮಾನರದೇ. ಹೆಂಡತಿಯ ಅಕ್ಕನ ಗಂಡ, ಅಂದರೆ ಅವರ ಷಡ್ಡಕ, ತನ್ನ ಮನೆಯಲ್ಲಿ ನೂರಿಪ್ಪತ್ತು ಇಂಚಿನ ಪರದೆ ಹಾಕಿಸಿದಾಗಿನಿಂದ ಇವರ ಹೊಟ್ಟೆಯಲ್ಲಿ ಕಿಚ್ಚು. ತಮ್ಮದು ನೂರಮೂವತ್ತಾದರೂ ಇರಬೇಕು ಎಂದು ಹಟಕ್ಕೆ ಬಿದ್ದರು. ಪರದೆಯ ಇಂಚನ್ನು ಮೂಲೆಯಿಂದ ಮೂಲೆಗೆ ಲೆಕ್ಕ ಹಾಕುತ್ತಾರೆ ಎಂದು ಮಾರುವವನು ಬಿಡಿಸಿ ಹೇಳಿದ್ದ. ಯಜಮಾನರು ಹುಟ್ಟಿದಾಗಿನಿಂದ ಬಟ್ಟೆ ಅಂಗಡಿಯಲ್ಲಿ ಬೆಳೆದವರು. ಬಟ್ಟೆಯನ್ನು ಹಾಗೆ ಓರೆಯಾಗಿ ಅಳೆದು ಕೊಟ್ಟರೆ ಗಿರಾಕಿಗಳು ಹಿಡಿದು ಬಡಿಯುತ್ತಾರೆ, ಅಗಲ ಅಂದರೆ ಅಗಲ ಎಂದು ಅವನ ಬಾಯಿ ಮುಚ್ಚಿಸಿ, ಅಗಲವೇ ನೂರಮೂವತ್ತು ಇಂಚು ಬರುವಂತೆ ಪರದೆ ಮಾಡಿಸಿಕೊಂಡು ಬಂದಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇದೆ. ಪರದೆ ಇದ್ದಷ್ಟು ಕೋಣೆ ಚಾಚು ಎಂಬ ಗಾದೆಯನ್ನು ಯಾರೂ ಕಟ್ಟಿಲ್ಲ.

ಪರದೆಯನ್ನು ಚಿಕ್ಕದು ಮಾಡಿಸಬಹುದು, ಇಲ್ಲವೇ ಹತ್ತಿರದಿಂದಲೇ ದೊಡ್ಡ ಚಿತ್ರ ಬಿಡುವ ಬೇರೆ ಪ್ರೊಜೆಕ್ಟರ್ ತರಿಸಬಹುದು, ಎರಡಕ್ಕೂ ವಾರ ಹಿಡಿಯುತ್ತದೆ ಎಂದ ಬಂದವನು. ಭಾನುವಾರ ಷಡ್ಡಕ ಮನೆಗೆ ಬರುವವನಿದ್ದ. ವಾರ ಕಾದರೆ ಮರ್ಯಾದೆಯ ಗತಿ ಏನು? ಅಷ್ಟರಲ್ಲಿ ಪ್ರೊಜೆಕ್ಟರಿನವನೇ ಹಿಂದಿನ ಗೋಡೆಯನ್ನು ಕುಟ್ಟಿ ನೋಡಿ, ಇದನ್ನು ಒಡೆಸಿ ಆಚೆಯ ಕೋಣೆಯನ್ನೂ ಸೇರಿಸಿಕೊಂಡುಬಿಟ್ಟರೆ ನಾಳೆಯೇ ಎಲ್ಲ ಸರಿಹೋಗುತ್ತದೆ ಎಂದ. ಆಚೆಗಿದ್ದದ್ದು ಅತ್ತೆಯ ಕೋಣೆ. ಯಜಮಾನರು ಆಸೆಗಣ್ಣಿನಿಂದ ಹೆಂಡತಿಯ ಕಡೆ ನೋಡಿದರು.

"ಪರದೆ ನಿಮ್ಮದು, ಹಟ ನಿಮ್ಮದು, ಬಾಯೂ ನಿಮ್ಮದೇ ಇರಲಿ," ಎಂದಳು ಆಕೆ. "ಅಮ್ಮನ್ನ ನೀವೇ ಹೋಗಿ ಕೇಳಿ."

ಅತ್ತೆ ಮಂಚದ ಮೇಲೆ ಕೂತು ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. ಅಳಿಯ ಬೆಳಕು, ದೂರ, ಮೂರಡಿ ಎಂದು ಸುತ್ತಿ ಬಳಸಿ ಮಾತಾಡುತ್ತಿರುವಾಗಲೇ ಅವರು ಪೆನ್ನಿನ ಮುಚ್ಚಳ ಹಾಕಿದರು.

"ಪೆಟ್ಟಿಗೆ ಕಟ್ಟಬೇಕಾ ಅಳಿಯಂದ್ರೆ?" ಎಂದು ಕೇಳಿದರು. "ದೊಡ್ಡಳಿಯಂದ್ರೂ ಹೀಗೇ ಬೆಳಕಿನ ವಿಷಯದಿಂದಲೇ ಶುರು ಮಾಡಿದ್ರು."

ಷಡ್ಡಕನ ಪರದೆ ಎದ್ದದ್ದು ಅತ್ತೆ ಮಲಗುತ್ತಿದ್ದ ಕೋಣೆಯಲ್ಲೇ. ಆ ಕೋಣೆ ಕೈತಪ್ಪಿದ ಮೇಲೆಯೇ ಅವರು ಕಿರಿಮಗಳ ಮನೆಗೆ ಬಂದದ್ದು. ಇದು ಯಜಮಾನರಿಗೆ ಗೊತ್ತಿಲ್ಲದ್ದೇನಲ್ಲ. ಷಡ್ಡಕನನ್ನು ಆಡಿಕೊಳ್ಳಲು ಕೂತರೆ ಅವರು ಮೊದಲು ಎತ್ತುತ್ತಿದ್ದ ಮಾತೇ ಅದು. ಈಗ ಅದೇ ಮಸಿ ತಮ್ಮ ಮುಖಕ್ಕೆ ಬರುವಂತಾಗಿದ್ದಕ್ಕೆ ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಅರ್ಧ ಅತ್ತೆಯ ಮುಖ ನೋಡಿ ಹುಟ್ಟಿದ್ದು. ಇನ್ನರ್ಧ, ತಾನೂ ಷಡ್ಡಕನಂಥವನೇ ಆಗಿಬಿಡುತ್ತಿದ್ದೆನಲ್ಲ ಎಂಬ ಸಂಕಟದ್ದು. ಪೆಟ್ಟಿಗೆಯ ಮಾತೇ ಬೇಡ, ಗೋಡೆಯೂ ಅಲ್ಲಾಡುವುದಿಲ್ಲ ಎಂದು ಹೇಳಿಬಿಟ್ಟರು. ಹೇಳಿದ ಮೇಲೆ ಭಾನುವಾರ ನೆನಪಾಗಿ ಪೆಚ್ಚುಮೋರೆ ಹಾಕಿಕೊಂಡು ನಿಂತರು.

ದಾರಿ ತೋರಿಸಿದ್ದು ಅತ್ತೆಯೇ. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತಲೆಯೆತ್ತರಕ್ಕೆ ಒಂದು ಪುಟ್ಟ ಕಿಟಕಿ ಇತ್ತು. ತಮ್ಮ ಕಪಾಟಿನ ಮೇಲೆ ಪ್ರೊಜೆಕ್ಟರ್ ಇಡಲಿ, ಬೆಳಕು ಆ ಕಿಟಕಿಯಿಂದ ತೂರಿ ಹೋಗಲಿ ಎಂದರು. ಪ್ರೊಜೆಕ್ಟರಿನವನು ಅಳೆದು ನೋಡಿ, ಹೇಳಿ ಮಾಡಿಸಿದ ಹಾಗಿದೆ ಎಂದ.

"ಒಂದೇ ಮಾತು," ಎಂದರು ಅತ್ತೆ. "ನನ್ನ ಕೋಣೇಲಿ ನಾನು ಓಡಾಡ್ತೀನಿ. ಬಗ್ಗಿ ಓಡಾಡಿ ಅಂತ ಮಾತ್ರ ಹೇಳಬಾರದು."

ಗೆದ್ದ ಖುಷಿಯಲ್ಲಿ ಯಜಮಾನರು ಆಗಲಿ ಆಗಲಿ ಎಂದರು. ಕಿಟಕಿಗೂ ಕಪಾಟಿಗೂ ನಡುವೆಯೇ ಅತ್ತೆ ಓಡಾಡುವ ದಾರಿ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಭಾನುವಾರ ದೀಪ ಆರಿತು, ಸಿನಿಮಾ ಶುರುವಾಯಿತು. ಎಲ್ಲರೂ ಪರದೆ ನೋಡಿದರೆ ಯಜಮಾನರು ಷಡ್ಡಕನ ಮುಖ ನೋಡಿದರು. ಆ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಇವರಿಗೆ ಹೊಟ್ಟೆ ತಣ್ಣಗಾಯಿತು. ಷಡ್ಡಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇದು ನೂರಮೂವತ್ತು ಇರಲು ಸಾಧ್ಯವೇ ಇಲ್ಲ, ಏನೋ ಮೋಸವಿದೆ ಎನ್ನುತ್ತ ಎದ್ದು ಹೋಗಿ, ಪರದೆಯ ಅಂಚಿನಿಂದ ಗೇಣು ಹಾಕಿ ಅಳೆಯತೊಡಗಿದ.

ಅದೇ ಹೊತ್ತಿಗೆ ನಾಯಕ, ನಾಯಕಿ, ಅವರ ಹಿಂದಿನ ಗುಡ್ಡ ಬೆಟ್ಟ ಎಲ್ಲವನ್ನೂ ನುಂಗಿಕೊಂಡು ಒಂದು ದೊಡ್ಡ ತಲೆ ಪರದೆಯ ಮೇಲೆ ಎದ್ದಿತು. ನೆತ್ತಿಯ ಹಿಂದೆ ತುರುಬು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು. ಯಜಮಾನರು ಕುರ್ಚಿಯಲ್ಲಿ ಕುಸಿದರು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಷಡ್ಡಕನಿಗೆ ಹೋದ ಜೀವ ಬಂತು.

"ನಮ್ಮನೇಲಿದ್ದಾಗ ಅತ್ತೆ ಇಷ್ಟು ದೊಡ್ಡವರಿರಲಿಲ್ಲಪ್ಪ," ಎಂದು ನಕ್ಕ.

"ನಿಂತ್ಕೊಳ್ಳೋಕೆ ಜಾಗ ಎಲ್ಲಿತ್ತು ಅಳಿಯಂದ್ರೆ?" ಎಂದು ಕಿಟಕಿಯ ಆಚೆಯಿಂದ ಧ್ವನಿ ಬಂತು. ಅತ್ತೆ ಕನ್ನಡಕಕ್ಕೆ ಕೈ ಚಾಚಿದ್ದರೋ ಏನೋ, ಪರದೆಯ ಮೇಲೆ ಆಳೆತ್ತರದ ಒಂದು ಕೈ ಮೂಡಿ, ಮೆಲ್ಲಗೆ ಇಳಿದು, ಷಡ್ಡಕನ ನೆತ್ತಿಯ ಮೇಲೆ ಬಂದು ನಿಂತಿತು. ಅದು ಹರಸಲು ಬಂತೋ ಮೊಟಕಲು ಬಂತೋ ತಿಳಿಯದೆ, ಗೇಣು ಹಾಕಿದ ಕೈ ಹಾಗೇ ಇದ್ದಂತೆಯೇ, ಅವನು ತಲೆ ತಗ್ಗಿಸಿದ.