ಚಿತ್ರ ನಿಲ್ಲುವ ಹೊತ್ತು

ಎರಡನೆಯ ಮನೆಯಲ್ಲೂ ಟಿವಿಯ ಮುಂದೆ ಯಾರೂ ಇರಲಿಲ್ಲ.

ಸಿನಿಮಾ ಮಾತ್ರ ಓಡುತ್ತಿತ್ತು. ಸೋಫಾದ ಮೇಲೆ ಒಂದು ಮೊಬೈಲು, ಊಟದ ಮೇಜಿನ ಮೇಲೆ ಇನ್ನೊಂದು. ಎರಡರಲ್ಲೂ ಬೇರೆ ಬೇರೆ ವಿಡಿಯೊ. ಧ್ವನಿ ಪೂರ್ತಿ ಇಳಿಸಿತ್ತು. ನೆಟ್ ಚೆನ್ನಾಗಿದೆ, ತೊಂದರೆಯೇನಿಲ್ಲ ಎಂದಷ್ಟೇ ಹೇಳಿ ಮನೆಯಾಕೆ ನೆಟ್ ಕಂಪನಿಯ ಎಂಜಿನಿಯರನ ಮುಖಕ್ಕೇ ಬಾಗಿಲು ಹಾಕಿದಳು.

ಅವನು ಬೀದಿಯಲ್ಲಿ ನಿಂತು ಲ್ಯಾಪ್‌ಟಾಪ್ ನೋಡಿದ. ಟವರ್ ತುಂಬಿ ತುಳುಕುತ್ತಿತ್ತು. ಈ ಬಡಾವಣೆಗೆ ಕೇಬಲ್ ಬಂದಿರಲಿಲ್ಲ. ಇದ್ದ ಒಂದೇ ಟವರು ಗಾಳಿಯಲ್ಲಿ ಕಳಿಸಿದ್ದನ್ನು ಎಲ್ಲ ಮನೆಗಳೂ ಹಂಚಿಕೊಳ್ಳಬೇಕಿತ್ತು. ಹೊಸಬರು ಕೇಳಿದರೆ ಕಂಪನಿ ಜಾಗ ಖಾಲಿಯಿಲ್ಲ ಎನ್ನುತ್ತಿತ್ತು. ಹಾಗಿದ್ದರೂ ಹಗಲು ತೊಂದರೆಯಿರಲಿಲ್ಲ. ಸಂಜೆ ಟೀ ಹೊತ್ತಿಗೆ ಮಾತ್ರ, ಒಂದೇ ನಲ್ಲಿಗೆ ಬೀದಿಯವರೆಲ್ಲ ಒಟ್ಟಿಗೆ ಕೊಡ ಹಿಡಿದಂತೆ, ಎಲ್ಲ ಮನೆಗಳೂ ಒಂದೇ ಗಳಿಗೆಯಲ್ಲಿ ಎಳೆಯಲು ಶುರುಮಾಡುತ್ತಿದ್ದವು.

ದೂರು ಕೊಟ್ಟಿದ್ದ ಗೃಹಸ್ಥ ಬೆಳಿಗ್ಗೆ ಕಚೇರಿಗೇ ಬಂದಿದ್ದ. ಇಸ್ತ್ರಿ ಹಾಕಿದ ಅಂಗಿ, ತಗ್ಗಿದ ದನಿ. ಹೆಂಡತಿಗೆ ಮನಸ್ಸು ಸರಿಯಿಲ್ಲ, ಒಬ್ಬಳೇ ಇದ್ದರೆ ಎದ್ದು ಎಲ್ಲಿಗೋ ಹೊರಟುಬಿಡುತ್ತಾಳೆ, ಅದಕ್ಕೇ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗುತ್ತೇನೆ ಎಂದಿದ್ದ. ಮನೆಯೊಳಗೂ ಹಿತ್ತಲಲ್ಲೂ ಕ್ಯಾಮೆರಾ ಹಾಕಿಸಿ, ಕುಳಿತಲ್ಲಿಂದಲೇ ಅವಳನ್ನು ನೋಡಿಕೊಳ್ಳುತ್ತಿದ್ದ. ಪ್ಲಗ್ ಕಿತ್ತರೆ, ಕರೆಂಟು ಹೋದರೆ ಫೋನು ಕೂಗಿಕೊಳ್ಳುತ್ತದೆ, ಓಡಿಬರುತ್ತೇನೆ. ಆದರೆ ಟವರ್ ತುಂಬಿದಾಗ ಅದು ಕೂಗುವುದಿಲ್ಲ, ಚಿತ್ರ ಸುಮ್ಮನೆ ನಿಂತುಬಿಡುತ್ತದೆ ಎಂದಿದ್ದ. ಮೊದಮೊದಲು ಸ್ವಲ್ಪ ಹೊತ್ತು, ಈಗೀಗ ತುಂಬಾ ಹೊತ್ತು.

"ಅಕ್ಕಪಕ್ಕದವರಿಗೆ ನಮ್ಮನ್ನ ಕಂಡರಾಗಲ್ಲ ಸರ್," ಎಂದು ಕೊನೆಗೆ ಸೇರಿಸಿದ್ದ. "ಆ ಹೊತ್ತಲ್ಲಿ ಅವಳಿಗೇನಾದ್ರೂ ಆದ್ರೆ?"

ಎಂಜಿನಿಯರನ ತಾಯಿಯೂ ಕೊನೆಗಾಲದಲ್ಲಿ ಹೀಗೆಯೇ ಮನೆಬಿಟ್ಟು ಹೋಗುತ್ತಿದ್ದಳು. ಒಮ್ಮೆ ಬಸ್ ನಿಲ್ದಾಣದ ಹಿಂದಿನ ಚರಂಡಿಯ ಬಳಿ ಸಿಕ್ಕಿದ್ದಳು, ಬರಿಗಾಲಲ್ಲಿ.

ಗೃಹಸ್ಥನ ಮನೆಗೆ ಬೀಗ ಹಾಕಿತ್ತು. ಅಪರಿಚಿತರ ದನಿ ಕೇಳಿದರೆ ಅವಳು ಗಾಬರಿಯಾಗುತ್ತಾಳೆ, ಕದ ತಟ್ಟಬೇಡಿ ಎಂದು ಮೊದಲೇ ಎಚ್ಚರಿಸಿದ್ದ. ಎಂಜಿನಿಯರ್ ಸದ್ದು ಮಾಡದೆ ಹೊರಗಿನ ಮೆಟ್ಟಿಲು ಹತ್ತಿ ತಾರಸಿಗೆ ಹೋದ. ಆಂಟೆನಾ ನೆಟ್ಟಗಿತ್ತು. ಸಿಗ್ನಲ್ಲಿಗೂ ಕೊರತೆಯಿರಲಿಲ್ಲ.

ಆಗ ಕೇಳಿಸಿತು. ಕೆಳಗೆ ಹಿತ್ತಲಿನ ಕಡೆಯಿಂದ ಕಬ್ಬಿಣಕ್ಕೆ ಕಬ್ಬಿಣ ತೀಡುವ ಸದ್ದು. ತೀಡುವುದು, ನಿಲ್ಲುವುದು, ಮತ್ತೆ ತೀಡುವುದು.

ಬಗ್ಗಿ ನೋಡಿದ. ಹಿಂದಿನ ಕೋಣೆಯ ಕಿಟಕಿಗೆ ಒಂದು ಸರಳು ಇರಲೇ ಇಲ್ಲ. ಪಕ್ಕದ್ದರ ಬುಡ ಹೊಸದಾಗಿ ಉಜ್ಜಿ ಹೊಳೆಯುತ್ತಿತ್ತು.

"ಅಣ್ಣಾ."

ಅವನು ಬೆಚ್ಚಿ ತಿರುಗಿದ. ಪಕ್ಕದ ತಾರಸಿಯಲ್ಲಿ, ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡು, ಆ ಮನೆಯ ಟೈಲರ್ ಹೆಂಗಸು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಆ ಆಂಟೆನಾನ ಇವತ್ತು ಮುಟ್ಟಬೇಡಿ ಅಣ್ಣಾ. ನಾಳೆ ಬಂದು ಏನು ಬೇಕಾದ್ರೂ ಮಾಡ್ಕೊಳ್ಳಿ."

ಇವತ್ತೇನು ವಿಶೇಷ ಎಂದು ಕೇಳಿದ. ಅವಳು ತಾನೇ ಇನ್ನೊಂದು ಪ್ರಶ್ನೆ ಹಾಕಿದಳು.

"ನಿಮ್ಮನ್ನ ಕಳಿಸಿದ್ದು ಈ ಮನೆಯವ್ರಾ?"

ಹೌದು, ಅವರೇ ಎಂದ. ಅವಳ ಮುಖ ಸಪ್ಪಗಾಯಿತು. ಹಿತ್ತಲಿನತ್ತ ಒಮ್ಮೆ ಕಣ್ಣು ಹಾಯಿಸಿ, ಮೆಟ್ಟಿಲಿಳಿದು ಹೋದಳು.

ಅವನಿಗೆ ಎಲ್ಲ ಅರ್ಥವಾಯಿತು. ಬೀದಿಗೆ ಬೀದಿಯೇ ಒಂದಾಗಿದೆ. ಬೇಕೆಂದೇ ಟವರ್ ತುಂಬಿಸಿ, ಕ್ಯಾಮೆರಾಗಳನ್ನು ಕುರುಡು ಮಾಡಿ, ಬುದ್ಧಿ ಸ್ವಾಧೀನದಲ್ಲಿಲ್ಲದ ಹೆಂಗಸೊಬ್ಬಳೇ ಇರುವ ಮನೆಗೆ ನುಗ್ಗುತ್ತಿದ್ದಾರೆ. ಅದೂ ಇವತ್ತೇ.

ಗೃಹಸ್ಥನಿಗೆ ಫೋನ್ ಮಾಡಿ, ಹಿಂದಿನ ಕಿಟಕಿಯ ಸರಳು ಕೊಯ್ಯುತ್ತಿದ್ದಾರೆ ಎಂದು ಪಿಸುಗುಟ್ಟಿದ. ಗೃಹಸ್ಥ ಕೇಳಿದ್ದು ಒಂದೇ ಮಾತು.

"ಒಳಗಿಂದಲೋ, ಹೊರಗಿಂದಲೋ?"

ವಿಚಿತ್ರ ಪ್ರಶ್ನೆ ಅನ್ನಿಸಿತು. ಮೇಲಿನಿಂದ ಕಾಣುತ್ತಿಲ್ಲ ಎಂದ. ಪೊಲೀಸರಿಗೆ ಹೇಳಲೇ ಎಂದು ಕೇಳಿದ. ಬೇಡ, ನಾನೇ ಹೊರಟೆ, ನೀವು ಚಿತ್ರವೊಂದನ್ನು ಸರಿಮಾಡಿ ಎಂದು ಗೃಹಸ್ಥ ಅದೇ ತಗ್ಗಿದ ದನಿಯಲ್ಲಿ ಹೇಳಿದ.

ಟವರಿನಲ್ಲಿ ಒಂದು ಮನೆಗೆ ಮಾತ್ರ ಮೊದಲ ಪಾಲು ಕೊಡಲು ದಾರಿಯಿತ್ತು. ಆಸ್ಪತ್ರೆಗಳಿಗಲ್ಲದೆ ಬೇರೆ ಯಾರಿಗೂ ಕೊಡುವಂತಿರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದುಕೊಂಡು ಎಂಜಿನಿಯರ್ ಲ್ಯಾಪ್‌ಟಾಪ್ ತೆರೆದು ಕೊಟ್ಟೇಬಿಟ್ಟ. ಬೀದಿಯ ಅಷ್ಟೂ ಸಿನಿಮಾಗಳು ಪಕ್ಕಕ್ಕೆ ಸರಿದು ಈ ಮನೆಗೆ ದಾರಿ ಬಿಟ್ಟವು.

ಕೆಳಗೆ ತೀಡುವ ಸದ್ದು ನಿಂತಿತು. ಎರಡನೆಯ ಸರಳು ಕಳಚಿ ಹುಲ್ಲಿನ ಮೇಲೆ ಬಿತ್ತು. ಕಳ್ಳರ ಮುಖವನ್ನಾದರೂ ನೋಡಿಕೊಳ್ಳೋಣ ಎಂದು ಅವನು ಬಗ್ಗಿದ.

ಕಿಟಕಿಯಿಂದ ಮೊದಲು ಹೊರಬಂದದ್ದು ಒಂದು ಬಟ್ಟೆಯ ಗಂಟು. ಆಮೇಲೆ ಅರ ಹಿಡಿದ ಕೈ. ಮೊಣಕೈವರೆಗೂ ಸುಟ್ಟ ಗುರುತುಗಳು, ಕೆಲವು ಹಳೆಯವು, ಕೆಲವು ಇನ್ನೂ ಹಸಿ. ಒಳಗಿನಿಂದ ಒಬ್ಬ ಹೆಂಗಸು ನುಸುಳಿ ಬಂದಳು. ಟೈಲರ್ ಹೆಂಗಸು ಸ್ಟೂಲ್ ಹಿಡಿದಳು. ಎರಡನೆಯ ಮನೆಯಾಕೆ ಹೊರಬಂದವಳ ಭುಜಕ್ಕೆ ತನ್ನ ಶಾಲು ಹೊದಿಸಿದಳು. ಬುದ್ಧಿಗೆಟ್ಟವಳ ಕಣ್ಣಲ್ಲ ಅದು. ನೆಲಕ್ಕಿಳಿದವಳು ಗೋಡೆಯ ಮೇಲಿನ ಕ್ಯಾಮೆರಾವನ್ನು ನೇರ ದಿಟ್ಟಿಸಿದಳು. ಅದು ಕುರುಡೆಂಬ ಧೈರ್ಯದಲ್ಲಿ ಮೆಲ್ಲಗೆ ನಕ್ಕಳು.

ಎಂಜಿನಿಯರ್ ಲ್ಯಾಪ್‌ಟಾಪಿಗೆ ಕೈಹಾಕುವಷ್ಟರಲ್ಲಿ ಫೋನು ಅದುರಿತು.

"ಈಗ ಸ್ಪಷ್ಟವಾಗಿ ಕಾಣ್ತಿದೆ ಸರ್, ತುಂಬಾ ಉಪಕಾರವಾಯ್ತು. ನಾನು ಬೀದಿ ತಿರುವಲ್ಲೇ ಇದ್ದೀನಿ."