ಕೇದಗೆಯ ಕಾವಲು

ಅಕ್ಕಸಾಲಿ ಶಿವಯ್ಯನ ಕೈ ಮತ್ತೆ ಸೊಂಟಕ್ಕೆ ಹೋಯಿತು. ಗುರುಸಿದ್ದಮ್ಮ ಉಸಿರು ಬಿಗಿಹಿಡಿದಳು. ಈ ಸಲ ಹೊರಬಂದದ್ದು ನಶ್ಯದ ಡಬ್ಬಿ.

ಅವನೆದುರು ಮಣೆ ಹಾಕಿಕೊಂಡು ಕೂತು ಇದು ಮೂರನೆಯ ದಿನ. ಚಿನ್ನ ಕೊಟ್ಟು ಮನೆಗೆ ಹೋಗಿ ಹಾಯಾಗಿ ಮಲಗುವವರು ಹೊಳೆನರಸೀಪುರದಲ್ಲಿ ಯಾರಿದ್ದರು? ಒಡವೆ ಮುಗಿಯುವವರೆಗೆ ಎದುರಿಗೇ ಕಾವಲು ಕೂರಬೇಕು. ಸಂಜೆ ಚಿನ್ನ ಎತ್ತಿಕೊಂಡು ಹೋಗಿ ಬೆಳಿಗ್ಗೆ ತಾನೇ ತರಬೇಕು.

ಯುದ್ಧ ಶುರುವಾಗಿ ಚಿನ್ನ ಮುಟ್ಟಲಾಗದಷ್ಟು ತುಟ್ಟಿಯಾಗಿತ್ತು. ಅದಕ್ಕೇ ತನ್ನ ಮದುವೆಯ ಎರಡು ಬಳೆ ಕರಗಿಸಿ, ಮಗಳು ನೀಲಾಂಬಿಕೆಯ ಮದುವೆಗೆ ಜಡೆಗಿಡುವ ಕೇದಗೆ ಮಾಡಿಸುತ್ತಿದ್ದಳು. ಬೀಗರು ಹಳ್ಳಿಮೈಸೂರಿನವರು, ಒಡವೆಯನ್ನು ಕೈಯಲ್ಲೇ ತೂಗಿ ನೋಡುವ ಜನ.

"ನಿನ್ ಬಳೆ ಮಾಡ್ಸಿದಾಗ ನಾನು ನಾಕು ದಿನ ರೆಪ್ಪೆ ಮುಚ್ದೆ ಕೂತಿದ್ದೆ," ಎಂದು ಅತ್ತೆ ದಾಕ್ಷಾಯಣಮ್ಮ ನೂರನೆಯ ಸಲ ಹೇಳಿ ಕಳಿಸಿದ್ದರು. "ಒಂದು ಗುಲಗಂಜಿ ಕಮ್ಮಿಯಾದ್ರೂ ಅದನ್ನ ತಗಂಡು ಈ ಒಸ್ಲು ತುಳೀಬ್ಯಾಡ."

ಗುರುಸಿದ್ದಮ್ಮನೂ ಕಡಿಮೆಯವಳಲ್ಲ. ಮೊದಲ ದಿನವೇ ಬಳೆಗಳಿಗೆ ಸರಿತೂಗಿದ ಒಂದು ಹಿಡಿ ಗುಲಗಂಜಿಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

ಆದರೂ ಸಮಾಧಾನವಿಲ್ಲ. ಶಿವಯ್ಯನ ಕಣ್ಣು ಕೆಂಪು, ನಿದ್ದೆಗೆಟ್ಟವನ ಕಣ್ಣು. ಬಳೆ ಕಂಡ ಕೂಡಲೇ ಅವನ ಮುಖ ಇಳಿದಿತ್ತು. "ನನ್ ಕೈಯವೇ ಇವು. ಅತ್ತೆಮ್ಮ ಬರ್ನಿಲ್ವಾ?" ಎಂದು ಕೇಳಿದ್ದ. ಮೂಸೆಯಲ್ಲಿ ಚಿನ್ನ ಕರಗುತ್ತಿದ್ದಾಗ, "ಹೇಮಾವತಿ ತುಂಬಿ ಅರೀತಾವ್ಳೆ, ಒಂದ್ಗಳಿಗೆ ನೋಡ್ಕಂಡು ಬನ್ನಿ ಅವ್ವ," ಎಂದಿದ್ದ. ಅವಳನ್ನು ಎಬ್ಬಿಸುವ ಹುನ್ನಾರ ಯಾರಿಗೆ ತಿಳಿಯದು! ಅವಳು ಕದಲಲಿಲ್ಲ. ಹೊಗೆಗೆ ಕಣ್ಣುಜ್ಜಿಕೊಂಡ ಆ ಒಂದು ಕ್ಷಣದಲ್ಲಿ ಮಾತ್ರ ಅವನ ಕೈ ಸೊಂಟದಿಂದ ಮೂಸೆಗೋ, ಮೂಸೆಯಿಂದ ಸೊಂಟಕ್ಕೋ ಓಡಿದಂತಾಗಿತ್ತು. ಅಂದಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ.

ಈಗ ಹೂ ಮುಗಿದಿತ್ತು. ಮಾದರಿಗೆ ತಂದಿಟ್ಟ ನಿಜವಾದ ಕೇದಗೆ ಬಾಡಿ ಕಂದಿತ್ತು. ಚಿನ್ನದ್ದು ಎಸಳಂಚಿನ ಮುಳ್ಳಿನ ಸಮೇತ ಅರಳಿತ್ತು. ಅವಳಿಗೆ ಅದರ ಚೆಂದ ಕಣ್ಣಿಗೇ ಬೀಳಲಿಲ್ಲ.

"ತೂಗಿ ಆಚಾರ್ರೆ."

"ಮನೇಲಿ ತೂಗೀರಂತೆ ಬುಡಿ. ಕಮ್ಮಿ ಇಲ್ಲ ಕಣವ್ವ."

"ಇಲ್ಲೇ ತೂಗಿ."

ಗಂಟು ಬಿಚ್ಚಿ ತಕ್ಕಡಿಯ ಒಂದು ತಟ್ಟೆಗೆ ಗುಲಗಂಜಿ ಸುರಿದಳು. ಕರಗಿಸಿದ್ದಕ್ಕೆ ಎರಡು ಕಡಿಮೆ ಬಂದರೆ ಸುಮ್ಮನಿರುವುದು, ಮೂರಾದರೆ ಬೀದಿಗೆಳೆಯುವುದು ಎಂದುಕೊಂಡಿದ್ದಳು. ಹೂವಿನ ತಟ್ಟೆ ಇಳಿದು ಕೂತಿತು. ಶಿವಯ್ಯ ಅವಳ ಗುಲಗಂಜಿಯ ಮೇಲೆ ತನ್ನವನ್ನೂ ಒಂದೊಂದಾಗಿ ಹಾಕಿದ. ಹನ್ನೆರಡು ಹೆಚ್ಚಿಗೆ ಬಿದ್ದ ಮೇಲೆ ತಕ್ಕಡಿ ಸಮವಾಯಿತು.

ಗುರುಸಿದ್ದಮ್ಮ ತಟ್ಟೆಯಿಂದ ಹೂವನ್ನು ಕಿತ್ತುಕೊಂಡಳು. "ತಾಮ್ರ ಬೆರೆಸ್ಬುಟ್ರಾ! ನನ್ ಮಗಳ ಬಾಳಿಗೆ ಕಲ್ಲು ಆಕ್ಬುಟ್ರಲ್ಲಾ!"

ಅವನು ಒರೆಗಲ್ಲನ್ನು ಮುಂದಕ್ಕೆ ತಳ್ಳಿದ. ಕರಗಿಸುವ ಮುನ್ನ ಬಳೆಯಿಂದ ಎಳೆದ ಗೆರೆ ಇನ್ನೂ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಅವಳೇ ಹೂವಿನ ತೊಟ್ಟು ಉಜ್ಜಿದಳು. ಎರಡಕ್ಕೂ ಒಂದೇ ಬಣ್ಣ. ಅಪ್ಪಟ ಚಿನ್ನ.

"ಮತ್ತೆ ಈ ಅನ್ನೆರಡು ಗುಲಗಂಜಿ ಎಲ್ಲಿಂದ ಬಂತು?"

ಶಿವಯ್ಯ ತಲೆ ತಗ್ಗಿಸಿದ. "ಆ ಬಳೆ ಮಾಡ್ವಾಗ ನಿಮ್ಮತ್ತೆಮ್ಮ ತೂಕಡಿಸ್ಬುಟ್ಟಿದ್ರು ಕಣವ್ವ. ಅವತ್ತಿಂದ ನಂಗೆ ನಿದ್ದೆ ಇಲ್ಲ."